ಬಾಗಲಕೋಟೆ ಸೀಮೆಯ ಹುಲ್ಲುನೆಲವೂ ಚಳಿಗಾಲದ ಹಕ್ಕಿಗಳೂ: ಒಂದು ಐತಿಹಾಸಿಕ ವಿವೇಚನೆ

೧

ಬಾಗಲಕೋಟೆ ಸೀಮೆಯ ಚರಿತ್ರೆಯೆಂದೊಡನೆ ವಿದ್ವಾಂಸರ ದೃಷ್ಟಿ ಬಾದಾಮಿಯ ಮೇಣಬಸದಿಗಳ ಕಡೆಗೂ ಐಹೊಳೆ, ಪಟ್ಟದಕಲ್ಲುಗಳ ದೇವಾಲಯಗಳ ಕಡೆಗೂ ಹರಿಯುವುದು ಸಹಜವಾಗಿದೆ. ಈ ಗುಡಿಗಳ ನಡುವೆ ಹಬ್ಬಿರುವ ನೆಲಕ್ಕೂ ಒಂದು ಚರಿತ್ರೆಯುಂಟು. ಆ ನೆಲವನ್ನು ಜನರು ಹೇಗೆ ಉತ್ತರು, ಯಾವುದನ್ನು ಬೀಳು ಬಿಟ್ಟರು, ಹುಲ್ಲನ್ನು ಯಾವಾಗ ಮೇಯಿಸಿದರು, ಯಾವಾಗ ಕೊಯ್ದರು ಎಂಬ ಸಂಗತಿಗಳು ಶಿಲಾಶಾಸನಗಳಲ್ಲಿ ವಿರಳವಾಗಿ ದೊರೆಯುತ್ತವೆ. ಕಂದಾಯದ ಕಾಗದಪತ್ರಗಳಲ್ಲಿ ದೊರೆತರೂ ಬೇರೆ ಹೆಸರಿನಲ್ಲಿ ಅಡಗಿರುತ್ತವೆ. ಈ ಬದಲಾವಣೆಗಳಿಗೆ ಇನ್ನೊಂದು ಸಾಕ್ಷಿ ಇದೆ. ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಮಧ್ಯ ಏಷ್ಯದಿಂದ ಬಂದು ಬೇಸಗೆಗೆ ಮುನ್ನ ಹಿಂದಿರುಗುವ ಹಕ್ಕಿಗಳೇ ಆ ಸಾಕ್ಷಿ. ಈ ಹಕ್ಕಿಗಳ ಬರವು ಹೋಗುವಿಕೆಗಳಿಗೂ ಇಲ್ಲಿಯ ಹುಲ್ಲುನೆಲದ ಬಳಕೆಗೂ ಇರುವ ಸಂಬಂಧವನ್ನು ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಾಗಲಕೋಟೆ ತಾಲೂಕಿನ ದಕ್ಷಿಣ ಭಾಗದಲ್ಲಿರುವ ಶಿರೂರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಉತ್ತರಕ್ಕೆ ಘಟಪ್ರಭೆ, ದಕ್ಷಿಣಕ್ಕೆ ಮಲಪ್ರಭೆ. ಇವೆರಡರ ನಡುವಣ ಈ ಪ್ರದೇಶದಲ್ಲಿ ಎರೆ ಭೂಮಿ ಮತ್ತು ಮಸಾರಿ ಭೂಮಿ ಒಂದನ್ನೊಂದು ಹೆಣೆದುಕೊಂಡಿವೆ. ಮರಳುಗಲ್ಲಿನ ಗುಡ್ಡಗಳ ಇಳಿಜಾರಿನಲ್ಲಿ ಮಣ್ಣು ತೆಳು. ಅಲ್ಲಿ ಹುಲ್ಲೂ ಕುರುಚಲು ಗಿಡವೂ ಬೆಳೆಯುತ್ತವೆ. ತಗ್ಗಿನ ಎರೆಯಲ್ಲಿ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುತ್ತವೆ. ಮಳೆ ಕಡಮೆ, ಅದೂ ನಂಬಿಕೆಗೆ ಅರ್ಹವಲ್ಲ. ಇಂಥ ಸೀಮೆಯಲ್ಲಿ ಹುಲ್ಲುನೆಲವೆಂಬುದು ಬೇಸಾಯದ ಹೊರಗಿನ ವಸ್ತುವಾಗಿರಲಿಲ್ಲ. ಎತ್ತಿಗೆ ಮೇವಿಲ್ಲದೆ ನೇಗಿಲಿಲ್ಲ, ಕುರಿಯ ಗೊಬ್ಬರವಿಲ್ಲದೆ ಹೊಲಕ್ಕೆ ಸತ್ತ್ವವಿಲ್ಲ. ಆದ್ದರಿಂದ ಹುಲ್ಲು ಹೊಲದ ಅಂಗವೇ ಆಗಿತ್ತೆಂದು ಹೇಳಬೇಕಾಗುತ್ತದೆ.

೨

ಪ್ರಾಚೀನ ಕಾಲದಲ್ಲಿ ಈ ಸೀಮೆ ಬಾಗಡಗೆ ೭೦, ಕಿಸುಕಾಡು ೭೦ ಎಂಬ ನಾಡುಗಳಾಗಿ ವಿಭಾಗಗೊಂಡಿತ್ತು. ಬಾಗಡಗೆಯೆಂಬುದು ಇಂದಿನ ಬಾಗಲಕೋಟೆ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್. ಕಿಸು ಎಂದರೆ ಕೆಂಪು. ಕಿಸುಕಾಡು ಎಂಬ ಹೆಸರಿನಲ್ಲಿಯೇ ಕೆಂಪು ನೆಲದ ಮೇಲಿನ ಕಾಡಿನ ಸ್ಮರಣೆ ಉಳಿದಿದೆ. ಊರ ದನಗಳನ್ನು ಹೊಡೆದುಕೊಂಡು ಹೋಗುವ ವೈರಿಗಳೊಡನೆ ಕಾದಿ ಮಡಿದವರಿಗಾಗಿ ನೆಟ್ಟ ತುರುಗೊಳ್ ವೀರಗಲ್ಲುಗಳು ಕನ್ನಡನಾಡಿನಲ್ಲೆಲ್ಲ ಹೇರಳವಾಗಿವೆ. ದನಕ್ಕಾಗಿ ಪ್ರಾಣ ಕೊಟ್ಟ ಜನ ದನ ಮೇಯುವ ನೆಲವನ್ನು ನಿರುಪಯುಕ್ತವೆಂದು ತಿಳಿದಿರಲಾರರು.

ಹಿಂದಿನ ಸಾಗುವಳಿಯ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅವಶ್ಯ. ಊರ ಸಮೀಪದ ಗಾಯರಾಣದಲ್ಲಿ ದನಗಳು ವರ್ಷವಿಡೀ ಮೇಯುತ್ತಿದ್ದವು. ಅಲ್ಲಿಯ ಹುಲ್ಲು ಗಿಡ್ಡವಾಗಿರುತ್ತಿತ್ತು. ದೂರದ ಇಳಿಜಾರುಗಳಲ್ಲಿ ಹುಲ್ಲು ಮೊಣಕಾಲುದ್ದ, ಕೆಲವೆಡೆ ನಡುವಿನೆತ್ತರ ಬೆಳೆಯುತ್ತಿತ್ತು. ಬೀಜ ಉದುರಿದ ಮೇಲೆ ಅದನ್ನು ಕುಡುಗೋಲಿನಿಂದ ಕೊಯ್ದು ಮೇವಿಗೂ ಹೊದಿಕೆಗೂ ಉಪಯೋಗಿಸುತ್ತಿದ್ದರು. ಕೈಯಿಂದ ಕೊಯ್ಯುವ ಕೆಲಸ ನಿಧಾನವಾದದ್ದು; ಒಂದೆಡೆ ಕೊಯ್ದಿದ್ದರೆ ಇನ್ನೊಂದೆಡೆ ಹುಲ್ಲು ನಿಂತೇ ಇರುತ್ತಿತ್ತು. ದಣಿದ ಹೊಲಗಳನ್ನು ಕೆಲವು ವರ್ಷ ಬೀಳು ಬಿಡುವ ಪದ್ಧತಿಯೂ ಇತ್ತು. ಸುಗ್ಗಿಯಾದ ಮೇಲೆ ಕುರುಬರ ಹಿಂಡುಗಳು ಹೊಲದಲ್ಲಿ ತಂಗಿ ಗೊಬ್ಬರ ಬಿಟ್ಟುಹೋಗುತ್ತಿದ್ದವು. ಹೀಗೆ ಗಿಡ್ಡ ಹುಲ್ಲು, ಎತ್ತರದ ಹುಲ್ಲು, ಬೀಳು, ಕೂಳೆಯ ಹೊಲ, ನಿಂತ ಜೋಳ ಇವೆಲ್ಲ ಒಂದೆರಡು ಮೈಲುಗಳೊಳಗೆ ಅಕ್ಕಪಕ್ಕದಲ್ಲಿ ದೊರೆಯುತ್ತಿದ್ದವು.

ಚಳಿಗಾಲದ ಹಕ್ಕಿಗಳಿಗೆ ಬೇಕಾದುದು ಈ ಬಗೆಯ ವೈವಿಧ್ಯವೇ. ಶೀಗೆ ಹುಣ್ಣಿಮೆಯ ಸುಮಾರಿಗೆ ಬರುವ ಸೆಳೆವಗಳನ್ನು ಮೊದಲು ನೋಡೋಣ. ಇವು ಉದ್ದ ರೆಕ್ಕೆಯ ಬೇಟೆಹಕ್ಕಿಗಳು. ಹುಲ್ಲಿನ ಮೇಲೆ ತೀರ ಕೆಳಗೆ ತೇಲುತ್ತ ಮಿಡತೆ, ಇಲಿ, ಸಣ್ಣ ಹಕ್ಕಿಗಳನ್ನು ಹಿಡಿಯುತ್ತವೆ. ಆಂಗ್ಲರು ಹ್ಯಾರಿಯರ್ ಎನ್ನುವ ಈ ಗುಂಪಿನಲ್ಲಿ ಮಾಂಟೆಗ್ಯೂ ಮತ್ತು ಪ್ಯಾಲಿಡ್ ಎಂಬ ಎರಡು ಜಾತಿಗಳು ದಖ್ಖನಿನ ಬಯಲುಗಳಿಗೆ ವಿಶೇಷವಾಗಿ ಸೇರಿದವು. ಹದ್ದು ಗಿಡುಗಗಳಂತೆ ಇವು ಮರದ ಮೇಲೆ ರಾತ್ರಿ ಕಳೆಯುವುದಿಲ್ಲ. ಸೂರ್ಯಾಸ್ತದ ವೇಳೆಗೆ ಸುತ್ತಣ ಹಲವು ಮೈಲುಗಳಿಂದ ಬಂದು ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ಒಟ್ಟಾಗಿ ತಂಗುತ್ತವೆ. ಬೇಟೆಗೆ ತೆರೆದ ಬಯಲು, ನಿದ್ರೆಗೆ ನಿಂತ ಹುಲ್ಲು, ಇವೆರಡೂ ಸಮೀಪದಲ್ಲಿ ದೊರೆಯಬೇಕು. ಒಂದಿದ್ದು ಇನ್ನೊಂದಿಲ್ಲವಾದರೆ ಹಕ್ಕಿಗೆ ಆ ಊರು ಇಲ್ಲವಾದಂತೆಯೇ. ಹುಲ್ಲನ್ನು ಬುಡಸಹಿತ ಮೇಯಿಸಿದರೆ ತಂಗುದಾಣ ಹೋಗುತ್ತದೆ. ಹುಲ್ಲನ್ನು ಮೇಯಿಸದೆ, ಕೊಯ್ಯದೆ ಬಹುಕಾಲ ಬಿಟ್ಟರೆ ಮುಳ್ಳುಗಿಡಗಳು ಬೆಳೆದು ಬಯಲು ಮುಚ್ಚಿಹೋಗುತ್ತದೆ. ಹಳೆಯ ರೈತನ ಹದವಾದ ಬಳಕೆ, ಅವನು ಉದ್ದೇಶಿಸದೆ ಹೋದರೂ, ಈ ಎರಡು ಅಪಾಯಗಳ ನಡುವಣ ದಾರಿಯಾಗಿತ್ತು.

ಎಲ್ಲ ಹಕ್ಕಿಗಳೂ ರೈತನ ಮಿತ್ರರಾಗಿರಲಿಲ್ಲವೆಂಬುದನ್ನೂ ಮರೆಯಬಾರದು. ಗುಲಾಬಿ ಕಬ್ಬಕ್ಕಿಗಳು ಮೋಡದಂತೆ ಬಂದು ಹಾಲುಗಾಳಿನ ಜೋಳದ ಮೇಲೆ ಎರಗುತ್ತವೆ. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಬರೆಹಗಾರರು ಇದನ್ನು ಜೋಳದ ಹಕ್ಕಿಯೆಂದೇ ಕರೆದರು. ಹೊಲದ ನಡುವಿನ ಅಟ್ಟದ ಮೇಲೆ ನಿಂತು ಕವಣೆ ಬೀಸುವುದು ಈ ಸೀಮೆಯ ಹುಡುಗರಿಗೆ ತಲೆತಲಾಂತರದಿಂದ ಬಂದ ಕೆಲಸ. ಅದೇ ಕಬ್ಬಕ್ಕಿ ತನ್ನ ತವರಿನಲ್ಲಿ ಮಿಡತೆಗಳನ್ನು ತಿಂದು ಮರಿಗಳನ್ನು ಸಾಕುತ್ತದೆ. ಇಲ್ಲಿಯೂ ಮಿಡತೆಗಳನ್ನು ಬಿಡುವುದಿಲ್ಲ. ರೈತನೂ ಈ ಲೆಕ್ಕವನ್ನು ಎರಡೂ ಕಡೆಯಿಂದ ನೋಡುತ್ತಿದ್ದನೆಂದು ತೋರುತ್ತದೆ. ಕವಣೆ ಬೀಸಿದ ಕೈಯೇ ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುತ್ತದೆ. ಭೂತಾಯಿಗೆಂದು ಚೆಲ್ಲಿದ ಆ ಅನ್ನ ಹಕ್ಕಿಗಳ ಪಾಲೂ ಆಗುತ್ತದೆ.

೩

ಈ ಸೀಮೆಯ ಪ್ರಾಣಿಜೀವನದ ಬಗ್ಗೆ ಮೊದಲ ವ್ಯವಸ್ಥಿತ ಬರೆಹವನ್ನು ಬಿಟ್ಟುಹೋದವನು ವಾಲ್ಟರ್ ಎಲಿಯಟ್. ಚರಿತ್ರೆಯ ವಿದ್ಯಾರ್ಥಿಗಳಿಗೆ ಇವನು ಎರಡು ಕಾರಣಗಳಿಂದ ಪರಿಚಿತ. ೧೮೨೪ರ ಕಿತ್ತೂರಿನ ಯುದ್ಧದಲ್ಲಿ ಥ್ಯಾಕರೆ ಮಡಿದಾಗ ರಾಣಿ ಚೆನ್ನಮ್ಮನ ಸೆರೆಯಾಳಾದವರಲ್ಲಿ ಇವನೊಬ್ಬ. ಕನ್ನಡನಾಡಿನ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿ ಚಾಲುಕ್ಯರ ಚರಿತ್ರೆಗೆ ತಳಹದಿ ಹಾಕಿದವನೂ ಇವನೇ. ಈ ವಿದ್ವಾಂಸನು ೧೮೩೯ರಲ್ಲಿ ಮದರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಪ್ರಕಟಿಸಿದನು. ಬಾಗಲಕೋಟೆಯೂ ಸೇರಿದ ಈ ಪ್ರದೇಶಕ್ಕೆ ಆಗ ಆಂಗ್ಲರು ಕೊಟ್ಟಿದ್ದ ಹೆಸರು ಅದು.

ಆ ಪಟ್ಟಿಯಲ್ಲಿ ಹೊಲದ ಇಲಿಯೊಂದರ ವರ್ಣನೆ ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಒಡ್ಡರು ಅದನ್ನು ಮೆಟ್ಟಡೆ ಎಂದು ಕರೆಯುತ್ತಿದ್ದರೆಂದು ಎಲಿಯಟ್ ಬರೆದಿದ್ದಾನೆ. ಇಂದಿಗೂ ಅದರ ವೈಜ್ಞಾನಿಕ ಹೆಸರಿನಲ್ಲಿ ಮೆಲ್ಟಾಡಾ ಎಂಬ ರೂಪದಲ್ಲಿ ಆ ಒಡ್ಡರ ಮಾತು ಉಳಿದುಕೊಂಡಿದೆ. ಎರೆ ಭೂಮಿ ಬೇಸಗೆಯಲ್ಲಿ ಬಿರಿದಾಗ ಈ ಇಲಿಗಳು ಬಿರುಕುಗಳಲ್ಲಿ ಮನೆ ಮಾಡುತ್ತವೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಬಿರುಕುಗಳು ಕೂಡಿಕೊಂಡು ಬಹುಪಾಲು ಇಲಿಗಳು ಸಾಯುತ್ತವೆ. ೧೮೨೬ರಲ್ಲಿ ಆರಂಭದ ಮಳೆ ಕಡಮೆಯಾದ ಕಾರಣ ಇಲಿಗಳು ಉಳಿದು ಅಪಾರವಾಗಿ ಹೆಚ್ಚಿದವು. ಬಿತ್ತಿದ ಬೀಜವನ್ನು ತಿಂದವು, ಬೆಳೆ ಬಂದಾಗ ಜೋಳದ ದಂಟನ್ನೇರಿ ತೆನೆ ಕತ್ತರಿಸಿದವು. ರೈತರು ಕಂದಾಯ ಕೊಡಲಾರದೆ ಹೋದರು. ಇಂತಿಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ಒಡ್ಡರನ್ನು ನೇಮಿಸಿ ಸಾವಿರಗಟ್ಟಲೆ ಕೊಲ್ಲಿಸಿದರೂ ಅವುಗಳ ಸಂಖ್ಯೆ ಇಳಿದಂತೆ ಕಾಣಲಿಲ್ಲವೆಂದು ಎಲಿಯಟ್ ಹೇಳುತ್ತಾನೆ. ಅರ್ಧ ಶತಮಾನದ ನಂತರ, ದೊಡ್ಡ ಬರದ ಬೆನ್ನಲ್ಲೇ, ೧೮೭೮-೭೯ರಲ್ಲಿ ದಖ್ಖನಿನ ಜಿಲ್ಲೆಗಳಲ್ಲಿ ಇಂಥದೇ ಇಲಿಗಳ ಹಾವಳಿ ಮತ್ತೆ ಉಂಟಾಯಿತು.

ಇದರಿಂದ ತಿಳಿಯುವುದೇನು? ಇಲಿ ಮಿಡತೆಗಳನ್ನು ತಿನ್ನುವ ಬೇಟೆಹಕ್ಕಿ ಒಂದು ಹಾವಳಿಯನ್ನು ತಾನಾಗಿಯೇ ತಡೆಯಬಲ್ಲದೆಂದು ವಾದಿಸುವುದು ಅತಿಶಯೋಕ್ತಿಯಾದೀತು. ೧೮೨೬ರಲ್ಲಿ ಹಕ್ಕಿಗಳೂ ಇದ್ದವು, ಹಾವಳಿಯೂ ಆಯಿತು. ಮಳೆ, ಮಣ್ಣಿನ ಬಿರುಕು, ಇಲಿ, ಬೆಳೆ, ಬೇಟೆಹಕ್ಕಿ ಇವು ಒಂದೇ ಸರಪಳಿಯ ಕೊಂಡಿಗಳೆಂಬುದು ಮಾತ್ರ ಸ್ಪಷ್ಟ. ಜೋಳದ ಹೊಲಕ್ಕೂ ಪಕ್ಕದ ಹುಲ್ಲಿಗೂ ನಡುವೆ ಗೆರೆ ಎಳೆದವರು ಮನುಷ್ಯರು. ಇಲಿಯೂ ಸೆಳೆವವೂ ಆ ಗೆರೆಯನ್ನು ಅರಿಯವು.

ಹಕ್ಕಿಗಳ ಬಗೆಗಿನ ದಾಖಲೆ ಸ್ವಲ್ಪ ತಡವಾಗಿ ಬಂತು. ಮುಂದೆ ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನಾದ ಎ. ಓ. ಹ್ಯೂಮನು ನಡೆಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ೧೮೮೧ರಲ್ಲಿ ಸೈನ್ಯಾಧಿಕಾರಿ ಇ. ಎ. ಬಟ್ಲರನು ದಖ್ಖನ್ ಹಾಗೂ ದಕ್ಷಿಣ ಮರಾಠಾ ಸೀಮೆಯ ಪಕ್ಷಿಗಳ ಪಟ್ಟಿಯನ್ನು ಪ್ರಕಟಿಸಿದನು. ಇಂಥ ಪಟ್ಟಿಗಳು ಯಾವ ಹಕ್ಕಿ ಎಲ್ಲಿ ಕಂಡಿತೆಂದು ಹೇಳುತ್ತವೆ. ಅದು ಇಳಿದ ನೆಲ ಯಾರದು, ಆ ನೆಲವನ್ನು ಹೇಗೆ ನಡೆಸುತ್ತಿದ್ದರು ಎಂಬುದಕ್ಕೆ ಕಂದಾಯದ ದಾಖಲೆಗಳಿಗೇ ಹೋಗಬೇಕು.

೪

ಮುಂಬಯಿ ಸರಕಾರದ ಭೂಮಾಪನ ಪದ್ಧತಿಯನ್ನು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬವರು ೧೮೩೦ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ರೂಪಿಸಿದರು. ೧೮೪೦ರ ದಶಕದಿಂದ ಅದು ದಕ್ಷಿಣ ಮರಾಠಾ ಸೀಮೆಗೂ ಬಂತು. ೧೮೪೭ರ ಜಂಟಿ ವರದಿ ಅದಕ್ಕೆ ಶಾಸ್ತ್ರರೂಪ ಕೊಟ್ಟಿತು. ಮಣ್ಣಿನ ಬಣ್ಣ ಮತ್ತು ಆಳಗಳನ್ನು ಪರೀಕ್ಷಿಸಿ ಪ್ರತಿಯೊಂದು ಹೊಲಕ್ಕೂ ಆಣೆಗಳ ಲೆಕ್ಕದಲ್ಲಿ ದರ್ಜೆ ಕಟ್ಟಿದರು. ಸಾಗುವಳಿಗೆ ಬಾರದ ನೆಲ ‘ಖರಾಬು’ ಎನ್ನಿಸಿತು. ಹೊಲದ ಒಳಗೇ ಇದ್ದ ಅಂಥ ತುಂಡು ‘ಪೋಟಖರಾಬು’.

ಖರಾಬು ಎಂದರೆ ಕೆಟ್ಟದ್ದು, ಹಾಳು. ಮೊದಲಿಗೆ ಈ ಮಾತು ರೈತನಿಗೆ ಉಪಕಾರಿಯೇ ಆಗಿತ್ತೆಂಬುದನ್ನು ಗಮನಿಸಬೇಕು. ಬೆಳೆಯದ ನೆಲಕ್ಕೆ ಕಂದಾಯವಿಲ್ಲವೆಂಬ ವಿನಾಯಿತಿ ಅದರ ಅರ್ಥ. ಕಾಲಕ್ರಮದಲ್ಲಿ ಲೆಕ್ಕದ ಮಾತು ಬೆಲೆಯ ಮಾತಾಯಿತು. ಕಂದಾಯ ಕೊಡದ ನೆಲ ಉಪಯೋಗವಿಲ್ಲದ ನೆಲವೆಂಬ ಭಾವನೆ ಕಚೇರಿಗಳಲ್ಲಿ ಬೇರೂರಿತು. ಹುಲ್ಲು ಬೆಳೆಯುವುದೂ ಒಂದು ಫಲವೆಂದು ಬರೆದುಕೊಳ್ಳುವ ಅಂಕಣ ಆ ಪುಸ್ತಕಗಳಲ್ಲಿ ಇರಲಿಲ್ಲ. ೧೮೭೯ರ ಮುಂಬಯಿ ಭೂಕಂದಾಯ ಸಂಹಿತೆ ಊರ ದನಗಳ ಉಚಿತ ಮೇವಿಗಾಗಿ ನೆಲವನ್ನು ಬೇರೆ ತೆಗೆದಿಡಲು ಅವಕಾಶ ಕೊಟ್ಟುದು ನಿಜ. ಆದರೆ ಆ ರಕ್ಷಣೆ ದನದ ಹೆಸರಿನಲ್ಲಿತ್ತು. ದನ ಕಡಮೆಯಾದಾಗ ಅಥವಾ ಬೇರೆ ಅವಶ್ಯಕತೆ ಬಂದಾಗ ನೆಲವನ್ನು ಕೇಳುವವರಿಲ್ಲವಾಗುತ್ತಿದ್ದರು.

ಈ ನಡುವೆ ೧೮೭೬-೭೮ರ ಭೀಕರ ಬರ ಬಂತು. ಆಗ ಈ ಜಿಲ್ಲೆಗೆ ಕಲಾದಗಿ ಜಿಲ್ಲೆಯೆಂದು ಹೆಸರು. ೧೮೭೨ ಮತ್ತು ೧೮೮೧ರ ಜನಗಣತಿಗಳನ್ನು ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಇಳಿದದ್ದು ಕಾಣುತ್ತದೆ. ದನಗಳು ಸತ್ತವು, ಊರುಗಳು ಬರಿದಾದವು. ಉಳುವವರಿಲ್ಲದ ಹೊಲಗಳು ಹುಲ್ಲಿಗೆ ಮರಳಿರಬೇಕೆಂದು ಊಹಿಸಬಹುದು. ಹಕ್ಕಿಗೆ ಅನುಕೂಲವಾದ ಹುಲ್ಲು ಮನುಷ್ಯನ ಸಾವಿನಿಂದ ಬೆಳೆದ ಆ ವರ್ಷಗಳನ್ನು ಯಾರೂ ಸುವರ್ಣಯುಗವೆಂದು ಕರೆಯಲಾರರು. ಹುಲ್ಲುನೆಲದ ಚರಿತ್ರೆಯನ್ನು ಬರೆಯುವವರು ಈ ವಿವೇಕವನ್ನು ಕಳೆದುಕೊಳ್ಳಬಾರದು.

೫

ಇಪ್ಪತ್ತನೆಯ ಶತಮಾನದಲ್ಲಿ ಬದಲಾವಣೆಗಳು ಒಂದರ ಮೇಲೊಂದು ಬಂದವು. ೧೯೩೩ರಲ್ಲಿ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರ ಆರಂಭವಾಯಿತು. ೧೯೪೨ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆಯ ಮೇರೆಗೆ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುವ ಕೆಲಸ ವ್ಯಾಪಕವಾಗಿ ನಡೆಯಿತು. ಮಣ್ಣು ಕೊಚ್ಚಿಹೋಗುವುದನ್ನು ತಡೆದ ಈ ಒಡ್ಡುಗಳು ಹಕ್ಕಿಗಳಿಗೆ ಹಾನಿ ಮಾಡಿದುವೆಂದು ಹೇಳಲು ಆಧಾರವಿಲ್ಲ. ಒಡ್ಡಿನ ಮೇಲೆ ಬೆಳೆದ ಹುಲ್ಲಿನ ಪಟ್ಟಿಗಳು ನೆಲಗುಬ್ಬಿ, ಲಾವುಗಗಳಂಥ ಸಣ್ಣ ಹಕ್ಕಿಗಳಿಗೆ ಆಸರೆಯಾಗಬಲ್ಲವು.

ಹುಲ್ಲುನೆಲದ ಮೇಲೆ ಮರ ನೆಡುವ ಯೋಜನೆಗಳ ಪರಿಣಾಮ ಹೆಚ್ಚು ಗಂಭೀರವಾದುದು. ಇದಕ್ಕೆ ರಾಣೆಬೆನ್ನೂರಿನ ನಿದರ್ಶನ ಪ್ರಸಿದ್ಧವಾಗಿದೆ. ಅಲ್ಲಿ ೧೧೯ ಚದರ ಕಿಲೋಮೀಟರಿನ ಪ್ರದೇಶವನ್ನು ೧೯೭೪ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯವೆಂದು ಸಾರಲಾಯಿತು. ಎರೆಭೂತವೆಂದು ನಮ್ಮ ಜನ ಕರೆಯುವ ದೊಡ್ಡ ಹಕ್ಕಿಯೂ ಅಲ್ಲಿತ್ತು. ಆದರೆ ಆ ಬಯಲಿನ ಬಹುಭಾಗ ನೀಲಗಿರಿಯ ನೆಡುತೋಪಾಗಿತ್ತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ದೂರದ ನೋಟವೇ ರಕ್ಷಣೆಯಾದ ಎರೆಭೂತ ಅಲ್ಲಿಂದ ಕಣ್ಮರೆಯಾಯಿತು. ೧೯೮೩ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಆರಂಭವಾದಾಗ ಊರ ಗೋಮಾಳ ಗಾಯರಾಣಗಳ ಮೇಲೂ ನೀಲಗಿರಿಯ ಸಸಿಗಳು ಬಂದವು. ೧೯೮೫ರಲ್ಲಿ ರಾಷ್ಟ್ರೀಯ ಬಂಜರುಭೂಮಿ ಅಭಿವೃದ್ಧಿ ಮಂಡಲಿ ಸ್ಥಾಪಿತವಾಯಿತು. ೨೦೦೦ದಲ್ಲಿ ಬಂಜರುಭೂಮಿಯ ರಾಷ್ಟ್ರೀಯ ನಕ್ಷಾಸಂಪುಟ ಹೊರಬಂತು. ಅದರಲ್ಲಿ ಕುರುಚಲು ನೆಲವೂ ಸವೆದ ಹುಲ್ಲುಗಾವಲೂ ಬಂಜರಿನ ಬಗೆಗಳೆಂದೇ ಎಣಿಕೆಯಾದವು. ವಿಂಗೇಟನ ಕಾಲದ ಖರಾಬು ಹೀಗೆ ಹೊಸ ಹೆಸರಿನಲ್ಲಿ ಮುಂದುವರಿಯಿತು. ನೆಡದೆ ಬಿಟ್ಟ ಎಷ್ಟೋ ಕಡೆ ಬಳ್ಳಾರಿ ಜಾಲಿ ತಾನಾಗಿಯೇ ಹಬ್ಬಿತು.

ಭೂಮಿಯ ಹಂಚಿಕೆಯ ಪ್ರಶ್ನೆಯನ್ನು ಇಲ್ಲಿ ನ್ಯಾಯದ ದೃಷ್ಟಿಯಿಂದಲೂ ನೋಡಬೇಕು. ಸರಕಾರಿ ನೆಲದಲ್ಲಿ ಅನುಮತಿಯಿಲ್ಲದೆ ಉಳುತ್ತಿದ್ದವರ ಬಗರ್ ಹುಕುಂ ಸಾಗುವಳಿಯನ್ನು ಸಕ್ರಮಗೊಳಿಸಲು ೧೯೬೪ರ ಭೂಕಂದಾಯ ಅಧಿನಿಯಮಕ್ಕೆ ೧೯೯೧ರಲ್ಲಿ ಹೊಸ ಪ್ರಕರಣ ಸೇರಿತು. ಭೂಮಿಯಿಲ್ಲದವನಿಗೆ ನಾಲ್ಕು ಎಕರೆ ದೊರೆತರೆ ಅದು ಅವನ ಮನೆಯ ಜೋಳ. ಹಕ್ಕಿಯ ಹೆಸರಿನಲ್ಲಿ ಅದನ್ನು ಆಕ್ಷೇಪಿಸುವುದು ಸುಲಭವಲ್ಲ, ಯೋಗ್ಯವೂ ಅಲ್ಲ. ಆದರೆ ಅದೇ ಗಾಯರಾಣ ಕುರುಬನ ಜೀವನೋಪಾಯವೂ ಆಗಿತ್ತೆಂಬುದನ್ನು ನೆನೆಯಬೇಕು. ಬಡವನೊಬ್ಬನಿಗೆ ಕೊಟ್ಟುದು ಇನ್ನೊಬ್ಬ ಬಡವನಿಂದ ಕಳೆದುದೂ ಆಯಿತು. ಪುಸ್ತಕದಲ್ಲಿ ಖರಾಬೆಂದು ಬರೆದಿದ್ದ ಕಾರಣ ಆ ಕಳೆತ ಲೆಕ್ಕಕ್ಕೆ ಬರಲಿಲ್ಲ.

ನೀರಾವರಿಯ ಪ್ರಭಾವ ಮಿಶ್ರಸ್ವರೂಪದ್ದು. ೧೯೬೪ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಾಗಲಕೋಟೆಯ ಹಳೆಯ ಊರಿನ ಭಾಗಗಳನ್ನೂ ನದಿದಂಡೆಯ ಅನೇಕ ಗ್ರಾಮಗಳನ್ನೂ ಮುಳುಗಿಸಿತು. ಜನ ಮನೆ ಕಳೆದುಕೊಂಡ ಆ ದಂಡೆಗಳಲ್ಲಿ ಈಗ ಚಳಿಗಾಲದಲ್ಲಿ ಡೆಮೊಯ್ಸೆಲ್ ಕ್ರೌಂಚಗಳ ಹಿಂಡುಗಳೂ ಫ್ಲೆಮಿಂಗೋಗಳೂ ಇಳ���ಯುತ್ತವೆ. ಕ್ರೌಂಚವೆಂಬುದು ಹಳಗನ್ನಡದ ಕೊಂಚೆ. ಅದಕ್ಕೆ ರಾತ್ರಿ ನಿಲ್ಲಲು ತೆಳುನೀರು, ಹಗಲು ಮೇಯಲು ಕಡಲೆ ಶೇಂಗಾದ ಹೊಲ ಸಾಕು. ಸೆಳೆವಕ್ಕೆ ಈ ಏರ್ಪಾಡು ಸಾಲದು. ಕಾಲುವೆಯ ನೀರು ಬಂದೆಡೆ ಬಿಳಿಜೋಳದ ಬದಲು ಕಬ್ಬು, ಗೋವಿನಜೋಳ ಬಂದವು. ಬೀಳು ಬಿಡುವ ಪದ್ಧತಿ ನಿಂತಿತು. ಕೀಟನಾಶಕಗಳಿಂದ ಮಿಡತೆ ಕಡಮೆಯಾಯಿತು. ಒಂದೇ ಸೀಮೆಯಲ್ಲಿ ಒಂದು ಹಕ್ಕಿಗೆ ಲಾಭ, ಇನ್ನೊಂದಕ್ಕೆ ನಷ್ಟ. ಕ್ರೌಂಚಗಳ ಸಂಭ್ರಮವನ್ನು ಕಂಡು ಹಕ್ಕಿಗಳೆಲ್ಲ ಸುಖವಾಗಿವೆಯೆಂದು ನಿರ್ಣಯಿಸುವುದು ತಪ್ಪಾಗುತ್ತದೆ.

೬

ಈ ಹಕ್ಕಿಗಳ ಇನ್ನೊಂದು ಮನೆಯ ಚರಿತ್ರೆಯೂ ಬೇಸಾಯದ ಚರಿತ್ರೆಯೇ. ಭಾರತದಲ್ಲಿ ಚಳಿಗಾಲ ಕಳೆಯುವ ಸೆಳೆವಗಳಲ್ಲಿ ಕೆಲವು ಕಜಾಕಸ್ತಾನದಿಂದ ಬರುತ್ತವೆಂದು ಉಪಗ್ರಹದ ಮೂಲಕ ಅವುಗಳ ದಾರಿಯನ್ನು ಅನುಸರಿಸಿದ ವಿಜ್ಞಾನಿಗಳು ತೋರಿಸಿದ್ದಾರೆ. ಅಲ್ಲಿಯ ಹುಲ್ಲುಬಯಲಿನಲ್ಲಿ ಸೋವಿಯತ್ ಸರಕಾರವು ೧೯೫೪ರಿಂದ ಕನ್ನೆನೆಲದ ಉಳುಮೆಯ ಆಂದೋಲನ ನಡೆಸಿ, ಸುಮಾರು ಎರಡೂವರೆ ಕೋಟಿ ಹೆಕ್ಟೇರುಗಳನ್ನು ಗೋದಿಯ ಹೊಲ ಮಾಡಿತು. ೧೯೯೧ರಲ್ಲಿ ಆ ರಾಜ್ಯವ್ಯವಸ್ಥೆ ಕುಸಿದಾಗ ಲಕ್ಷಗಟ್ಟಲೆ ಹೆಕ್ಟೇರುಗಳು ಬೀಳು ಬಿದ್ದು ಹುಲ್ಲಿಗೆ ಮರಳಿದವು. ಪಶ್ಚಿಮ ಯುರೋಪಿನಲ್ಲಿಯಾದರೋ ಮಾಂಟೆಗ್ಯೂ ಸೆಳೆವ ಹುಲ್ಲುನೆಲ ಕಳೆದುಕೊಂಡು ಗೋದಿಯ ಹೊಲದಲ್ಲಿಯೇ ಗೂಡು ಕಟ್ಟತೊಡಗಿದೆ. ಕಟಾವಿನ ಯಂತ್ರದಿಂದ ಮರಿಗಳನ್ನು ಉಳಿಸಲು ಸ್ವಯಂಸೇವಕರು ಗೂಡುಗಳಿಗೆ ಕಾವಲಿರುತ್ತಾರೆ. ಹೀಗೆ ಮಾಸ್ಕೋದ ಕಚೇರಿಯ ನಿರ್ಣಯವೂ ಬಾಗಲಕೋಟೆಯ ತಲಾಟಿಯ ಪುಸ್ತಕದ ಒಂದು ಸಾಲೂ ಒಂದೇ ಹಕ್ಕಿಯ ಬಾಳಿನಲ್ಲಿ ಸಂಧಿಸುತ್ತವೆ.

ಬೆಂಗಳೂರಿನ ಏಟ್ರೀ ಸಂಸ್ಥೆಯ ಟಿ. ಗಣೇಶ್ ಮತ್ತು ಎಂ. ಬಿ. ಪ್ರಶಾಂತ್ ಅವರು ಭಾರತದ ತಂಗುದಾಣಗಳಲ್ಲಿ ಸೆಳೆವಗಳನ್ನು ಎಣಿಸಿದ ಲೆಕ್ಕಗಳನ್ನು ಕೂಡಿಸಿ ೨೦೧೮ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಮೂವತ್ತು ವರ್ಷಗಳ ಅವಧಿಯಲ್ಲಿ ಅವುಗಳ ಸಂಖ್ಯೆ ಇಳಿದಿದೆಯೆಂಬುದು ಅದರ ಸಾರಾಂಶ. ಗುಜರಾತದ ವೇಳಾವದರ, ಕರ್ನೂಲಿನ ಕಡೆಯ ರೊಳ್ಳಪಾಡು ಮೊದಲಾದ ಹುಲ್ಲುಬಯಲುಗಳು ಇಂಥ ತಂಗುದಾಣಗಳಿಂದ ಹೆಸರಾದವು. ಮೂವತ್ತು ವರ್ಷವೆಂದರೆ ನಮ್ಮ ನೆನಪಿನ ಅವಧಿಯೇ. ಇಲ್ಲಿ ಹೇಳಿರುವುದು ಪುರಾತನ ಕಾಲದ ನಷ್ಟವಲ್ಲ.

೭

ಒಟ್ಟಿನಲ್ಲಿ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಚಳಿಗಾಲದ ಹಕ್ಕಿಗಳು ಈ ಸೀಮೆಯಲ್ಲಿ ಆಶ್ರಯಿಸಿದ್ದುದು ಮನುಷ್ಯನ ಕೈ ಸೋಕದ ಕಾಡನ್ನಲ್ಲ. ದನ, ಕುರಿ, ಕುಡುಗೋಲುಗಳು ಹದಗೊಳಿಸಿದ ಹುಲ್ಲುನೆಲವನ್ನೂ ಅದರ ಪಕ್ಕದ ಒಣಬೇಸಾಯದ ಹೊಲವನ್ನೂ ಅವು ಆಶ್ರಯಿಸಿದ್ದವು. ಎರಡನೆಯದಾಗಿ, ಆ ನೆಲ ಕ್ಷಯಿಸಿದ್ದಕ್ಕೆ ರೈತನ ನೇಗಿಲಿಗಿಂತಲೂ ದಾಖಲೆಯ ಹೆಸರು ಹೆಚ್ಚು ಕಾರಣವಾಯಿತು. ಖರಾಬೆಂದು ಬರೆದ ನೆಲಕ್ಕೆ ವಾರಸುದಾರರಿರಲಿಲ್ಲ.

ಇದಕ್ಕೆ ಪರಿಹಾರವೂ ಹೊಸದಾಗಿ ಹುಡುಕಬೇಕಾದುದಲ್ಲ. ೧೯೬೬ರ ಕರ್ನಾಟಕ ಭೂಕಂದಾಯ ನಿಯಮಗಳ ೯೭ನೆಯ ನಿಯಮವು ಪ್ರತಿ ನೂರು ದನಕ್ಕೆ ೧೨ ಹೆಕ್ಟೇರು ಉಚಿತ ಗೋಮಾಳ ಇರಬೇಕೆಂದು ಹೇಳುತ್ತದೆ. ಅದನ್ನು ಉಳಿಸಿ, ಅದರಲ್ಲಿ ಒಂದು ಪಾಲಿನ ಹುಲ್ಲನ್ನು ಹೋಳಿ ಹುಣ್ಣಿಮೆಯವರೆಗೆ ಕೊಯ್ಯದೆ, ಸುಡದೆ ನಿಲ್ಲಿಸಿ, ಉಳಿದುದನ್ನು ದನ ಕುರಿಗಳಿಗೆ ಬಿಟ್ಟರೆ ಮೇವಿಗೂ ಹಕ್ಕಿಗೂ ಅವಕಾಶವಾಗುತ್ತದೆ. ೨೦೧೬ರಲ್ಲಿ ಇದೇ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರಗಳಿಗಾಗಿ ವನ್ಯಜೀವಿಧಾಮ ಸ್ಥಾಪಿತವಾದುದು ಕುರುಚಲು ಬಯಲಿಗೂ ಬೆಲೆಯುಂಟೆಂದು ಸರಕಾರ ಒಪ್ಪಿದ ಗುರುತು. ಆದರೆ ಹಕ್ಕಿಗಳು ಅಭಯಾರಣ್ಯದ ಗಡಿಯೊಳಗೆ ಬಾಳುವುದಿಲ್ಲ. ಶಿರೂರಿನಂಥ ನೂರಾರು ಊರುಗಳ ಹೊಲ ಗಾಯರಾಣಗಳ ಮೇಲೆ ಬಾಳುತ್ತವೆ.

ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಳೆಯ ಭೂಮಾಪನದ ನಕ್ಷೆಗಳನ್ನೂ ಪಹಣಿಗಳನ್ನೂ ಮುಂದಿಟ್ಟುಕೊಂಡು, ಖರಾಬು, ಗಾಯರಾಣ, ಬೀಳು ಎಂದು ಗುರುತಿಸಿದ ಪ್ರತಿಯೊಂದು ತುಂಡು ಇಂದು ಏನಾಗಿದೆಯೆಂದು ನೋಡಿ ಬರೆದಿಡಬಹುದು. ಊರ ಕುರುಬರನ್ನೂ ಅಟ್ಟದ ಮೇಲೆ ಜೋಳ ಕಾದ ಹಿರಿಯರನ್ನೂ ವಿಚಾರಿಸಬಹುದು. ಎಲಿಯಟ್ಟನು ಶಾಸನಗಳನ್ನೂ ಒಡ್ಡರ ಮಾತಿನ ಇಲಿಯನ್ನೂ ಒಂದೇ ಆಸಕ್ತಿಯಿಂದ ಬರೆದುಕೊಂಡನು. ನಮ್ಮ ಸೀಮೆಯ ಚರಿತ್ರೆಗೆ ಆ ಎರಡೂ ಬಗೆಯ ಬರೆಹ ಬೇಕಾಗಿದೆ. ಹುಲ್ಲು ನಿಂತಿರುವಾಗಲೇ ಈ ಕೆಲಸ ಆಗಬೇಕು.